ಷರಾ

ನೀಲಿ ರಟ್ಟಿನ ಪುಸ್ತಕ, ಒಬ್ಬೊಬ್ಬರಿಗೆ ಒಂದೊಂದು.
ನನ್ನ ಪಾಲಿಗೆ ಇಪ್ಪತ್ತೆರಡು; ಸಿವಿಲ್, ಮೂರನೆಯ ಸೆಮಿಸ್ಟರ್.
ಹೆಸರು, ಊರು, ರಕ್ತದ ಗುಂಪು, ತಂದೆಯ ಕಸುಬು,
ಹಾಜರಿ, ಇಂಟರ್ನಲ್ ಒಂದು, ಎರಡು, ಮೂರು,
ಕೊನೆಗೆ ಕಿರುಬೆರಳಗಲದ ಒಂದು ಕಾಲಂ: ಷರಾ.

ಹದಿನಾರು ವರ್ಷದಿಂದ ಅಲ್ಲಿ ಬರೆಯುತ್ತಿರುವುದು ಒಂದೇ ಸಾಲು,
'ಚೆನ್ನಾಗಿ ಓದಲು ಸಲಹೆ ನೀಡಲಾಗಿದೆ.'
ಕೈಗೆ ಎಷ್ಟು ಒಗ್ಗಿಹೋಗಿದೆಯೆಂದರೆ
ಒಮ್ಮೆ ಪೇಪರಿನವನ ಲೆಕ್ಕದ ಚೀಟಿಯ ಮೇಲೂ
'ಸಲಹೆ' ಎಂದು ಗೀಚಿ ಹೊಡೆದುಹಾಕಿದ್ದೇನೆ.

ಶನಿವಾರ ನಾಲ್ಕನೆಯ ಪೀರಿಯಡ್ಡು. ಸಾಲಾಗಿ ಬರುತ್ತಾರೆ,
ಪಡಿತರಕ್ಕೆ ಹೆಬ್ಬೆಟ್ಟೊತ್ತಲು ಬಂದವರ ಹಾಗೆ.
ಸಹಿ ಹಾಕು. ಹಾಕಿದೆ ಮೇಡಂ.
ಓದ್ತಿದೀಯಾ? ಓದ್ತಿದೀನಿ ಮೇಡಂ.
ಮುಂದಿನವರು.

ಮಾನ್ಯಶ್ರೀ ಬಂದಳು, ಮಾದಿಹಳ್ಳಿಯವಳು.
ಗಣಿತದ ಹಾಜರಿ ಅರವತ್ತೆರಡು. ಉಳಿದದ್ದೆಲ್ಲ ತೊಂಬತ್ತರ ಮೇಲೆ.
ಪೆನ್ನಿನ ಮುಚ್ಚಳ ತೆಗೆದೆ, ಬಾಯಿಯದೂ:
ಇಂಜಿನಿಯರಿಂಗ್ ಅಂದರೆ ಹುಡುಗಾಟವಲ್ಲ,
ಹಾಜರಿ ಇಲ್ಲದಿದ್ದರೆ ಹಾಲ್‌ಟಿಕೆಟ್ಟೂ ಇಲ್ಲ,
ಅಪ್ಪ ಆಲೂಗಡ್ಡೆ ಮಂಡಿಯಲ್ಲಿ ಮೂಟೆ ಹೊತ್ತು...

ಅವಳು ನನ್ನ ಪುಸ್ತಕವನ್ನು ಓದುತ್ತಿದ್ದಳು,
ಮೇಜಿನಾಚೆಯಿಂದ, ತಲೆಕೆಳಗಾಗಿಯೇ.
'ಮೇಡಂ, ಸಲಹೆ ನೀಡಲಾಗಿದೆ ಅಂತ ನಾಲ್ಕು ಸಲ ಇದೆ.
ನಾನು ಹೇಳಿದ್ದು ಎಲ್ಲಿ ಬರೀತೀರ?'
ನೀನೇನು ಹೇಳಿದೆ?
'ನೀವು ಕೇಳಲಿಲ್ಲವಲ್ಲ.'

ಬಸ್ಸು. ಮೊದಲ ಟ್ರಿಪ್ಪು ಆರಕ್ಕೆ;
ಅದು ಹಸು ಕರೆದು ಡೈರಿಗೆ ಹಾಲು ಹಾಕುವ ಹೊತ್ತು.
ಎರಡನೆಯದು ಹಗರೆಯಲ್ಲಿ ಹತ್ತು ನಿಮಿಷ ನಿಂತು
ಹಾಸನದ ಹೊಸ ಸ್ಟ್ಯಾಂಡು ಮುಟ್ಟುವಾಗ ಒಂಬತ್ತಕ್ಕೆ ಐದು.
ಅಲ್ಲಿಂದ ಸಿಟಿ ಬಸ್ಸು, ಸಿಕ್ಕರೆ.
ಕ್ಲಾಸು ಎಂಟೂ ನಲವತ್ತಕ್ಕೆ.
ಸೋಮ, ಬುಧ, ಶುಕ್ರ ಮೊದಲ ಗಂಟೆ ಗಣಿತ.

ಸಂಜೆ ಎಲ್ಲರ ಪುಸ್ತಕ ಹರಡಿಕೊಂಡು ಕೂತೆ.
ಗಣಿತದಲ್ಲಿ ಹಾಜರಿ ಬಿದ್ದವರು ಐವರು.
ಊರಿನ ಹೆಸರು ಮೊದಲ ಪುಟದಲ್ಲೇ ಇತ್ತು, ಮೂರು ಸೆಮಿಸ್ಟರಿನಿಂದ:
ಹಗರೆ. ಹಗರೆ. ಮಾದಿಹಳ್ಳಿ. ಹಗರೆಯಿಂದಾಚೆ ಒಂದು ಹಟ್ಟಿ.
ಸರ್ವೇ ಪಾಠದಲ್ಲಿ ನಾನೇ ಹೇಳುವುದುಂಟು,
ರೀಡಿಂಗುಗಳೆಲ್ಲ ಒಂದೇ ಕಡೆ ವಾಲಿದರೆ
ನೆಲವನ್ನು ಬಯ್ಯಬೇಡಿ, ಉಪಕರಣ ನೋಡಿ.
ವೇಳಾಪಟ್ಟಿಯ ಅಡಿಯಲ್ಲಿ, ಎಡಕ್ಕೆ,
ತಯಾರಿಸಿದವರು ಎಂಬಲ್ಲಿ
ನನ್ನ ರುಜು.

ಎಚ್‌ಒಡಿ ಒಪ್ಪಲು ಎರಡು ವಾರ.
ಗಣಿತದ ಶಾಂತವೀರಪ್ಪನವರು, ಊಟದ ಹೊತ್ತಿಗೆ
ಲಾಪ್ಲಾಸ್ ಮಾಡಿದರೆ ಗೋಡೆಗೆ ಮಾಡಿದ ಹಾಗೆ ಎಂದರು.
ಅವರಿಗೂ ಒಂದು ಬಸ್ಸಿದೆ, ಸಕಲೇಶಪುರದ್ದು.
ಎಳೆದಾಡಿ ಎರಡು ದಿನ ಮೂರನೆಯ ಗಂಟೆಗೆ ಜರುಗಿತು.
ಶುಕ್ರವಾರ ಅಲುಗಲಿಲ್ಲ.

ಮಾನ್ಯಶ್ರೀಗೆ ಇಂಟರ್ನಲ್ಲಿನಲ್ಲಿ ಇಪ್ಪತ್ತೊಂದು; ದಾಟಲು ಇಪ್ಪತ್ತು ಬೇಕು.
ಥ್ಯಾಂಕ್ಸ್ ಅನ್ನಲಿಲ್ಲ. ಸಹಿ ಹಾಕಿ, ಪೆನ್ನು ಹಿಂದಿರುಗಿಸುತ್ತ,
'ಶುಕ್ರವಾರದ್ದು ಏನಾಯ್ತು ಮೇಡಂ?' ಎಂದಳು.

ಐದನೆಯ ಪುಸ್ತಕ ತೇಜಮೂರ್ತಿಯದು.
ವಿಳಾಸ: ಕಾಲೇಜು ಹಾಸ್ಟೆಲು, ಕೋಣೆ ಹದಿನೇಳು.
ತರಗತಿಗೆ ಇನ್ನೂರು ಹೆಜ್ಜೆ. ಬಸ್ಸಿಲ್ಲ, ಡೈರಿಯಿಲ್ಲ.
ಕೇಳಿದೆ. ನಕ್ಕ.
ಮತ್ತೆ ಕೇಳಿದೆ. ವರ್ಕ್‌ಶಾಪಿನ ತಗಡಿನ ಮೇಲೆ
ಕೂತ ಕಾಗೆಯನ್ನು ನೋಡಿದ.
ಷರಾ ಕಾಲಮ್ಮಿನಲ್ಲಿ ಪೆನ್ನು ಊರಿ, ಎತ್ತಿ, ಮತ್ತೆ ಊರಿ
'ಇನ್ನೂ ಗೊತ್ತಿಲ್ಲ' ಎಂದು ಬರೆದೆ.

ತಪಾಸಣೆಗೆ ಬಂದವರು ಅದಕ್ಕೊಂದು ಕೆಂಪು ಸುತ್ತು ಹಾಕಿ,
ಇದು ಯಾವ ಬಗೆಯ ಸಲಹೆ ಎಂದು ಕೇಳಿ ಹೋದರು.

ಶನಿವಾರ ಈಗ ಅವನನ್ನು ಕೊನೆಗೆ ಕರೆಯುತ್ತೇನೆ,
ಬೆನ್ನ ಹಿಂದೆ ಯಾರೂ ನಿಂತಿರಬಾರದೆಂದು.